ಕೆಂಪು ಗುಂಡಿ

ಬಚ್ಚಲೊಲೆಯ ಮುಂದೆ ಕುಳಿತು ಬೆಳೆದ ಕೈಗೆ ಒಂದು ಅಭ್ಯಾಸವುಂಟು. ಬೆಂಕಿ ಹೊತ್ತಿಕೊಳ್ಳದಿದ್ದರೆ ಇನ್ನೊಂದು ಹಿಡಿ ತರಗೆಲೆಯನ್ನೋ ತೆಂಗಿನ ಗರಿಯನ್ನೋ ಒಳಕ್ಕೆ ತುರುಕುವುದು. ಊದುಗೊಳವೆಯನ್ನು ಬಾಯಿಗಿಟ್ಟು ಕಣ್ಣು ಕೆಂಪಾಗುವವರೆಗೆ ಊದುವುದು. ಅದಕ್ಕೂ ಬಗ್ಗದಿದ್ದರೆ ಹಿರಿಯರ ಕಣ್ಣು ತಪ್ಪಿಸಿ ತುಸು ಸೀಮೆಯೆಣ್ಣೆ ಚಿಮುಕಿಸುವುದು. ಈ ಕಡೆಯ ಉಪಾಯದ ಅಪಾಯವನ್ನು ಯಾರಿಗೂ ಹೇಳಬೇಕಾಗಿಲ್ಲ. ಆದರೂ ಒಲೆಯ ಬಾಯಿ ತೆರೆದಿರುತ್ತದೆ. ಒಳಗೆ ಸೌದೆಯೆಷ್ಟು, ಕೆಂಡವೆಷ್ಟು ಎಂಬುದು ಕಣ್ಣಿಗೆ ಕಾಣುತ್ತದೆ.

ಅದೇ ಕೈ ಸಮುದ್ರವನ್ನು ದಾಟಿ, ಅಮೆರಿಕೆಯ ಈಶಾನ್ಯ ಭಾಗದ ಮ್ಯಾಸಚೂಸೆಟ್ಸ್, ಮೇನ್ ಮೊದಲಾದ ಶೀತಸೀಮೆಗಳಲ್ಲಿ ಸಂಸಾರ ಹೂಡಿದಾಗ ಬೇರೊಂದು ಬಗೆಯ ಹಂಡೆಯ ಪರಿಚಯವಾಗುತ್ತದೆ. ಅಲ್ಲಿನ ಅನೇಕ ಮನೆಗಳ ನೆಲಮಾಳಿಗೆಯಲ್ಲಿ ಡೀಸೆಲಿನ ಜಾತಿಯ ಎಣ್ಣೆಯನ್ನು ಉರಿಸಿ ನೀರು ಕಾಯಿಸುವ ಯಂತ್ರವಿರುತ್ತದೆ. ಪಂಪು ಎಣ್ಣೆಯನ್ನು ಒತ್ತಿ ಸೂಕ್ಷ್ಮವಾದ ರಂಧ್ರದಿಂದ ಮಂಜಿನಂತೆ ಚಿಮ್ಮಿಸುತ್ತದೆ. ಬೀಸಣಿಗೆಯೊಂದು ಅದಕ್ಕೆ ಗಾಳಿ ಬೆರೆಸುತ್ತದೆ. ವಿದ್ಯುತ್ತಿನ ಕಿಡಿ ಬೆಂಕಿಯಿಡುತ್ತದೆ. ಬೆಂಕಿ ಹೊತ್ತಿತೋ ಇಲ್ಲವೋ ಎಂದು ಕಾಯುವುದಕ್ಕೆ, ಬೆಳಕನ್ನು ಗುರುತಿಸುವ ಪುಟ್ಟ ಕಣ್ಣೊಂದನ್ನು ಇಟ್ಟಿದ್ದಾರೆ. ಹಳೆಯ ಯಂತ್ರಗಳಲ್ಲಿ ಸುಮಾರು 45 ಸೆಕೆಂಡು, ಈಚಿನವುಗಳಲ್ಲಿ 15 ಸೆಕೆಂಡಿನೊಳಗೆ ಆ ಕಣ್ಣಿಗೆ ಜ್ವಾಲೆ ಕಾಣದಿದ್ದರೆ ಯಂತ್ರ ತಾನಾಗಿಯೇ ನಿಂತುಬಿಡುತ್ತದೆ. ಅದನ್ನು ಮತ್ತೆ ಹೊರಡಿಸುವುದಕ್ಕೆ ಒಂದು ಕೆಂಪು ಗುಂಡಿಯಿದೆ.

ಹಳೆಯ ಕೈಯ ಪರೀಕ್ಷೆ ನಡೆಯುವುದು ಈ ಗುಂಡಿಯ ಮುಂದೆ. ಹೊರಗೆ ಹಿಮ, ಮಕ್ಕಳು ಶಾಲೆಗೆ ಹೊರಡಬೇಕು, ನಲ್ಲಿಯಲ್ಲಿ ಬರುವುದು ಕೊರೆಯುವ ತಣ್ಣೀರು. ಯಜಮಾನ ಕೆಳಗಿಳಿದು ಗುಂಡಿಯನ್ನು ಒತ್ತುತ್ತಾನೆ. ಯಂತ್ರ ಗುರ್ರೆಂದು ಮತ್ತೆ ಸುಮ್ಮನಾಗುತ್ತದೆ. ಊದುಗೊಳವೆಯ ಸಂಸ್ಕಾರ ಅಷ್ಟಕ್ಕೇ ಬಿಡುತ್ತದೆಯೆ? ಇನ್ನೊಮ್ಮೆ ಒತ್ತು, ಮತ್ತೊಮ್ಮೆ ಒತ್ತು ಎನ್ನುತ್ತದೆ. ಆದರೆ ಒತ್ತಿದ ಪ್ರತಿಯೊಂದು ಸಲವೂ ಉರಿಯದ ಎಣ್ಣೆ ಒಲೆಯ ಗೂಡಿನೊಳಗೆ ಬಿದ್ದು ಕಣ್ಣಿಗೆ ಕಾಣದಂತೆ ಶೇಖರವಾಗುತ್ತದೆ. ಕಡೆಗೊಮ್ಮೆ ಕಿಡಿ ತಗುಲಿತೆಂದರೆ ಅಷ್ಟೂ ಒಟ್ಟಿಗೇ ಭುಗಿಲೆದ್ದು, ಹೊಗೆಕೊಳವೆ ಕಳಚಿ, ಮನೆಯೆಲ್ಲ ಮಸಿಯಾಗುವುದುಂಟು. ಬೆಂಕಿ ಹೊರಗೆ ಹಾರುವುದೂ ಉಂಟು. ಆದುದರಿಂದ ಟ್ಯಾಂಕಿಯಲ್ಲಿ ಎಣ್ಣೆಯಿದೆಯೆ, ವಿದ್ಯುತ್ತು ಬರುತ್ತಿದೆಯೆ ಎಂದು ನೋಡಿ ಗುಂಡಿಯನ್ನು ಒಂದೇ ಸಲ ಒತ್ತಬೇಕು. ಹೊತ್ತದಿದ್ದರೆ ಕೈ ಹಿಂದೆಗೆದು ಮೆಕ್ಯಾನಿಕ್‌ನನ್ನು ಕರೆಯಬೇಕು. ಒಂದು ಸಲವೆಂದರೆ ಮನೆಗೆ ಒಂದು ಸಲ. ಯಜಮಾನ ಒಮ್ಮೆ, ಯಜಮಾನಿ ಒಮ್ಮೆ, ಹಿರಿಯ ಮಗ ಒಮ್ಮೆ ಒತ್ತಿದರೆ ಪ್ರತಿಯೊಬ್ಬರೂ ನಿಯಮವನ್ನು ಪಾಲಿಸಿದಂತಾಯಿತು. ಎಣ್ಣೆಯ ಲೆಕ್ಕ ಮಾತ್ರ ಮೂರೇ! ಈಚಿನ ಕೆಲವು ಯಂತ್ರಗಳು ಗೃಹಸ್ಥರ ಈ ಚಪಲವನ್ನು ಅರಿತು, ಮೇಲಿಂದ ಮೇಲೆ ಸೋತ ಬಳಿಕ ಗುಂಡಿಗೆ ಓಗೊಡುವುದೇ ಇಲ್ಲ. ಅವುಗಳ ಅಪನಂಬಿಕೆ ನ್ಯಾಯವಾದದ್ದೇ.

ಹಂಡೆಯ ಮುಚ್ಚಳ ಸಡಿಲವಾಗಿ ಕುಳಿತದ್ದು. ಈ ಪಾತ್ರೆಯಾದರೋ ಎಲ್ಲ ಕಡೆಯೂ ಬಿಗಿದದ್ದು. ಕಾದ ನೀರು ಹಿಗ್ಗಿದಂತೆ ಒಳಗೆ ಒತ್ತಡವೇರುತ್ತದೆ. ಒತ್ತಡ ಮಿತಿಮೀರಿದರೂ, ನೀರು 99 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿದರೂ ತೆರೆದುಕೊಳ್ಳುವ ರಕ್ಷಾಕವಾಟವೊಂದು ಇದಕ್ಕುಂಟು. ಅದು ತೊಟ್ಟಿಕ್ಕುತ್ತದೆಂದು ಬೇಸತ್ತು ಕೊಳವೆಯ ಬಾಯಿಗೆ ಬಿರಡೆ ಬಡಿಯುವವನು ಮನೆಯೊಳಗೆ ಬಾಂಬನ್ನು ಸಾಕುತ್ತಾನೆ. ಇನ್ನು ಶಾಖದ ಮಾತು. 60 ಡಿಗ್ರಿಯ ನೀರು ಐದಾರು ಸೆಕೆಂಡುಗಳಲ್ಲೇ ಚರ್ಮವನ್ನು ಸುಡುತ್ತದೆ. ಆದುದರಿಂದ ಸಾಮಾನ್ಯವಾಗಿ 49ಕ್ಕೆ ಇಡುತ್ತಾರೆ. ಉಗುರುಬೆಚ್ಚಗಿನ ನೀರಿನಲ್ಲಿ 1977ರಲ್ಲಿ ಪತ್ತೆಯಾದ ಲೀಜಿಯೊನೆಲ್ಲ ಎಂಬ ರೋಗಾಣು ಬೆಳೆಯಬಲ್ಲದಾದ್ದರಿಂದ, ಕೆಲವರು ಪಾತ್ರೆಯಲ್ಲಿ 60ನ್ನೇ ಇಟ್ಟು ನಲ್ಲಿಗೆ ಹೋಗುವ ದಾರಿಯಲ್ಲಿ ತಣ್ಣೀರು ಬೆರೆಯುವಂತೆ ಮಾಡಿಕೊಳ್ಳುತ್ತಾರೆ.

ಬಚ್ಚಲ ಹೊಗೆ ಕಣ್ಣುರಿಸಿಯಾದರೂ ತನ್ನ ಇರವನ್ನು ತಿಳಿಸುತ್ತಿತ್ತು. ಗಾಳಿ ಸಾಲದೆ ಉರಿಯುವ ಎಣ್ಣೆಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಚಳಿಗೆ ಹೆದರಿ ಗಾಳಿಗಂಡಿಗಳಿಗೆ ಬಟ್ಟೆ ತುರುಕುವ ಮನೆಗಳಲ್ಲಿ ಎಲ್ಲರಿಗೂ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಅದನ್ನು ನೆಗಡಿಯೆಂದು ತಳ್ಳಿಹಾಕುವಂತಿಲ್ಲ. ಮಲಗುವ ಕೋಣೆಗಳ ಬಳಿ ಇಟ್ಟ ಎಚ್ಚರಿಕೆಯ ಗಂಟೆ ಕೂಗಿದರೆ ಮೊದಲು ಎಲ್ಲರೂ ಹೊರಗೆ; ಕಾರಣದ ವಿಚಾರ ಆಮೇಲೆ.

ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ, ಮಸಿ ತೆಗೆಯಿಸಿ ಚಿಮ್ಮುವ ರಂಧ್ರದ ತುದಿಯನ್ನು ಬದಲಿಸುವುದು ವಾಡಿಕೆ. ಹಾಗಿದ್ದೂ ಒಂದು ಮುಂಜಾನೆ ಯಂತ್ರ ನಿಲ್ಲಬಹುದು. ಗುಂಡಿಯನ್ನು ಒಮ್ಮೆ ಒತ್ತಿ ಬಿಟ್ಟ ಮನೆಯಲ್ಲಿ ಅಡಿಗೆಯ ಒಲೆಯ ಮೇಲೆ ದೊಡ್ಡ ಪಾತ್ರೆಯಿಟ್ಟು ನೀರು ಕಾಯಿಸುತ್ತಾರೆ. ಮಕ್ಕಳು ಅಜ್ಜಿಯ ಮನೆಯಲ್ಲಿ ಮಾಡುವಂತೆ ಚೊಂಬಿನಿಂದ ಸುರಿದುಕೊಂಡು ಶಾಲೆಗೆ ಹೋಗುತ್ತಾರೆ. ಮೆಕ್ಯಾನಿಕ್ ಮಧ್ಯಾಹ್ನಕ್ಕೆ ಬರುತ್ತಾನೆ.