ಗಾಳಿಗೆ ಹೋಗುವ ಗೊಬ್ಬರ

ಮೈಸೂರೆಂದರೆ ಅರಮನೆ, ಚಾಮುಂಡಿ ಬೆಟ್ಟ, ಮಲ್ಲಿಗೆ, ವೀಳ್ಯದೆಲೆ. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಒಂದು ಗಳಿಗೆ ನಿಂತರೆ ಈ ಊರಿಗೆ ತನ್ನದೇ ಆದ ಪರಿಮಳವಿದೆ ಎಂದು ಯಾರಾದರೂ ಒಪ್ಪುತ್ತಾರೆ. ನಾವು ಬೆನ್ನು ಹತ್ತಿ ಹೋದದ್ದು ಮಾತ್ರ ಬೇರೊಂದು ವಾಸನೆಯನ್ನು.

ಪಿಯುಸಿ ಓದುತ್ತಿರುವ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಒಂದು ಭಾನುವಾರ ಬೆಳಿಗ್ಗೆ ನಂಜನಗೂಡಿನ ರಸ್ತೆ ಹಿಡಿದೆ. ಎಡಕ್ಕೆ ಬೆಟ್ಟ ಹಿಂದೆ ಸರಿಯುತ್ತಿದ್ದಂತೆ ಹೊಸ ಬಡಾವಣೆಗಳ ಗಡಿಕಲ್ಲುಗಳು, ಅವುಗಳ ನಡುವೆ ಉಳಿದುಕೊಂಡ ಹೊಲಗಳು. ಮುಖ್ಯರಸ್ತೆ ಬಿಟ್ಟು ಮಣ್ಣಿನ ಹಾದಿಗೆ ಇಳಿದಾಗ ದಾರಿ ಕೇಳುವ ಅಗತ್ಯವೇ ಬೀಳಲಿಲ್ಲ. ಮೂಗೇ ದಾರಿ ತೋರಿಸಿತು.

ಪರಿಚಯದವರೊಬ್ಬರ ಮೊಟ್ಟೆ ಕೋಳಿ ಫಾರಂ ಅದು. ಸುಮಾರು ಹತ್ತು ಸಾವಿರ ಕೋಳಿಗಳು. ಎತ್ತರದಲ್ಲಿ ಪಂಜರಗಳ ಸಾಲು, ಕೆಳಗೆ ಹಿಕ್ಕೆಯ ರಾಶಿ. ಒಳಗೆ ಕಾಲಿಟ್ಟ ಐದೇ ನಿಮಿಷಕ್ಕೆ ಮಗಳ ಕಣ್ಣಲ್ಲಿ ನೀರು. "ಮೊದಲು ಸುತ್ತ ಹೊಲ ಇತ್ತು ಸಾರ್, ಯಾರೂ ಕೇಳ್ತಿರ್ಲಿಲ್ಲ. ಈಗ ಮನೆಗಳು ಬಂದಿವೆ. ದಿನಾ ಜಗಳ. ಹೀಗೇ ಆದ್ರೆ ಮುಚ್ಚಬೇಕಾಗುತ್ತೆ" ಎಂದರು ಯಜಮಾನರು.

ನಾವು ಮೊಟ್ಟೆಯ ಬೆಲೆಯನ್ನು ದಿನವೂ ವಿಚಾರಿಸುತ್ತೇವೆ. 1982ರಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಪ್ರಕಟಿಸುವ ದರಪಟ್ಟಿಯಲ್ಲಿ ಮೈಸೂರಿಗೂ ಒಂದು ಸಾಲಿದೆ. ಆದರೆ ಪಂಜರದ ಕೆಳಗೆ ಬೀಳುವುದರ ಬೆಲೆಯನ್ನು ಯಾರೂ ವಿಚಾರಿಸುವುದಿಲ್ಲ. ಮರದಡಿ ಕುಳಿತು ಮಗಳೂ ನಾನೂ ಆ ಲೆಕ್ಕ ಹಾಕಿದೆವು.

ಮೊಟ್ಟೆ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ಮೇವು ತಿನ್ನುತ್ತದೆ. ಅದರಲ್ಲಿ ಹೆಚ್ಚುಕಡಿಮೆ 17 ಭಾಗ ಪ್ರೋಟೀನು. ಪ್ರೋಟೀನಿನಲ್ಲಿ ಸಾರಜನಕ ಶೇ. 16ರಷ್ಟು. ಅಂದರೆ ಕೋಳಿಯ ಹೊಟ್ಟೆಗೆ ದಿನಕ್ಕೆ ಮೂರು ಗ್ರಾಂ ಸಾರಜನಕ ಹೋಗುತ್ತದೆ. ಮೊಟ್ಟೆಯೊಂದರಲ್ಲಿ ಆರು ಗ್ರಾಂ ಪ್ರೋಟೀನು, ಅಂದರೆ ಒಂದು ಗ್ರಾಂ ಸಾರಜನಕ. ಉಳಿದ ಎರಡು ಗ್ರಾಂ ಹಿಕ್ಕೆಗೆ. ಹತ್ತು ಸಾವಿರ ಕೋಳಿಗೆ ದಿನಕ್ಕೆ 20 ಕಿಲೋ! 45 ಕಿಲೋ ಯೂರಿಯಾ ಚೀಲದಲ್ಲಿ ಇರುವುದೂ ಹತ್ತಿರ ಹತ್ತಿರ ಇಷ್ಟೇ ಸಾರಜನಕ. ಈ ಫಾರಂ ಪ್ರತಿದಿನವೂ ಒಂದು ಚೀಲ ಯೂರಿಯಾಕ್ಕೆ ಸಮನಾದುದನ್ನು ಕೊಡುತ್ತಿದೆ ಎಂದಾಯಿತು. ಅಜಾಗರೂಕತೆಯಿಂದ ಇಟ್ಟರೆ ಅದರಲ್ಲಿ ಅರ್ಧದಷ್ಟು ಗಾಳಿಗೆ ಹೋಗಬಹುದು.

ಹೋಗುವುದು ಹೇಗೆ? ಹಕ್ಕಿಗಳು ನಮ್ಮಂತೆ ಮೂತ್ರ ಹೊಯ್ಯುವುದಿಲ್ಲ. ಹಿಕ್ಕೆಯ ಮೇಲೆ ಕಾಣುವ ಬಿಳಿ ಪದಾರ್ಥವೇ ಯೂರಿಕ್ ಆಮ್ಲ. ಅದು ಒಣಗಿದ್ದಷ್ಟು ದಿನ ಸುಮ್ಮನಿರುತ್ತದೆ. ಆದರೆ ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರು. ಅದರೊಂದಿಗೆ ಕುಡಿಯುವ ನೀರಿನ ಕೊಳವೆ ಸೋರಿದರಂತೂ ಸೂಕ್ಷ್ಮಜೀವಿಗಳಿಗೆ ಹಬ್ಬ. ಅವು ಯೂರಿಕ್ ಆಮ್ಲವನ್ನು ಯೂರಿಯಾ ಆಗಿ, ಯೂರಿಯಾವನ್ನು ಅಮೋನಿಯಾ ಆಗಿ ಒಡೆಯುತ್ತವೆ. ಬಿಸಿಲು, ಗಾಳಿ, ಕ್ಷಾರಗುಣ ಮೂರೂ ಸೇರಿದರೆ ಅಮೋನಿಯಾ ಹಾರಿಹೋಗುತ್ತದೆ. ಮೂಗಿಗೆ ಬಡಿಯುವ ಆ ಘಾಟೇ ನಷ್ಟದ ಗುರುತು.

ಯಜಮಾನರು ಆಗ ತಮ್ಮ ಕಥೆ ಹೇಳಿದರು. "ಸುಣ್ಣ ಹಾಕಿದ್ರೆ ವಾಸನೆ, ನೊಣ ಎರಡೂ ನಿಲ್ಲುತ್ತೆ ಅಂತ ಯಾರೋ ಹೇಳಿದ್ರು ಸಾರ್. ಹಾಕಿದ ಎರಡು ದಿನ ಕಣ್ಣು ಬಿಡೋಕಾಗ್ಲಿಲ್ಲ. ಆಮೇಲೆ ಕಮ್ಮಿಯಾಯ್ತು. ಆದ್ರೆ ಆ ಗೊಬ್ಬರ ತಗೊಂಡ ಎಲೆತೋಟದೋರು, ಈ ಸಲ ಗೊಬ್ಬರದಲ್ಲಿ ಕಸುವೇ ಇಲ್ಲ ಅಂತಾರೆ."

ಮಗಳು ನನ್ನ ಮುಖ ನೋಡಿದಳು. "ಅಪ್ಪಾ, ಅಮೋನಿಯಂ ಕ್ಲೋರೈಡಿಗೆ ಸುಣ್ಣ ಬೆರೆಸಿ ಕಾಯಿಸಿದರೆ ಅಮೋನಿಯಾ ಬರುತ್ತೆ ಅಂತ ಲ್ಯಾಬಿನಲ್ಲಿ ತೋರಿಸಿದ್ದರಲ್ಲ, ಇದೂ ಅದೇ ತಾನೆ?"

ಅದೇ! ಸುಣ್ಣ ರೋಗಾಣುಗಳನ್ನು ಕೊಲ್ಲುವುದು ನಿಜ. ಆದರೆ ರಾಶಿಯ ಕ್ಷಾರಗುಣವನ್ನು ಏರಿಸಿ, ಗೊಬ್ಬರದಲ್ಲಿ ಲವಣವಾಗಿ ಉಳಿಯಬೇಕಾದುದನ್ನು ಅನಿಲವಾಗಿ ಓಡಿಸುತ್ತದೆ. ವಾಸನೆ ನಿಂತದ್ದು ಸಾರಜನಕ ಉಳಿಯಿತೆಂದಲ್ಲ, ಬಹುಪಾಲು ಹೊರಟುಹೋಯಿತೆಂದು.

ನಂಬಿಕೆ ಬರಲೆಂದು ಮಗಳು ಅಡಿಗೆಮನೆಯಿಂದ ಅರಿಶಿನ ಕೇಳಿ ತಂದು, ಬಿಳಿ ಕಾಗದಕ್ಕೆ ನೀರಿನೊಡನೆ ಬಳಿದು, ಹಸಿಯಾಗಿರುವಾಗಲೇ ರಾಶಿಯ ಮೇಲೆ ಹಿಡಿದಳು. ಹಳದಿ ಕಾಗದ ನಿಧಾನವಾಗಿ ಕೆಂಪುಗಂದು ಬಣ್ಣಕ್ಕೆ ತಿರುಗಿತು. ಅರಿಶಿನ ಸುಣ್ಣ ಕದಡಿ ಆರತಿ ನೀರು ಮಾಡುವ ಮನೆಯವರಿಗೆ ಆ ಬಣ್ಣದ ಗುಟ್ಟು ಬೇರೆ ಹೇಳಬೇಕೇ? ಕಾಗದ ಒಣಗಿದ ಮೇಲೆ ಕೆಂಪು ಮತ್ತೆ ಮಾಸಿತು. ಹಿಡಿದ ಅಮೋನಿಯಾ ಅಲ್ಲಿಂದಲೂ ಜಾರಿತ್ತು.

ಹಾಗಾದರೆ ಉಪಾಯವೇನು? ಮೊದಲು ಸೋರುವ ನೀರು ನಿಲ್ಲಿಸಿ ಹಿಕ್ಕೆಯನ್ನು ಬೇಗ ಒಣಗಿಸಬೇಕು. ಗೊಬ್ಬರ ಮಾಗಿಸುವಾಗ ತೆಂಗಿನ ನಾರಿನ ಪುಡಿ, ಮರದ ಹೊಟ್ಟು ಅಥವಾ ಒಣಗಿದ ಎಲೆ ಸೇರಿಸಬೇಕು. ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಕೋಳಿ ಹಿಕ್ಕೆಯಲ್ಲಿ ಹತ್ತು ಪಾಲೂ ಇರುವುದಿಲ್ಲ. ಸೂಪರ್ ಫಾಸ್ಫೇಟ್ ಅಥವಾ ಜಿಪ್ಸಂ ಬೆರೆಸಿದರೆ ಅಮೋನಿಯಾ ಲವಣವಾಗಿ ನಿಲ್ಲುತ್ತದೆ. ರಾಶಿಯನ್ನು ಪದೇ ಪದೇ ಮಗುಚದೆ ಮೇಲೆ ಮಣ್ಣು ಹೊದಿಸುವುದು ಒಳ್ಳೆಯದು. ಹೊಲಕ್ಕೆ ಹಾಕಿದ ದಿನವೇ ಮಣ್ಣಿನಲ್ಲಿ ಸೇರಿಸಬೇಕು.

ಇದೇನೂ ಹೊರಗಿನ ವಿದ್ಯೆಯಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರ ಮರಗಳ ಮೇಲೆ ಗೂಡು ಕಟ್ಟುವ ಹೆಜ್ಜಾರ್ಲೆಗಳ ಹಿಕ್ಕೆಯನ್ನು ಹೂಳುಮಣ್ಣಿನೊಡನೆ ಬೆರೆಸಿ ಹೊಲಕ್ಕೆ ಹಾಕುವ ರೂಢಿ ಬಂದದ್ದು ಅನುಭವದಿಂದಲೇ.

ಹೊರಡುವಾಗ ಯಜಮಾನರು ಎಂಟು ಮೊಟ್ಟೆಗಳನ್ನು ಕಾಗದದಲ್ಲಿ ಸುತ್ತಿಕೊಟ್ಟರು. "ಮುಂದಿನ ರಾಶಿಗೆ ಸುಣ್ಣ ಹಾಕೋಲ್ಲ. ನಾರಿನ ಪುಡಿ ತರಿಸ್ತೀನಿ. ಒಂದು ತಿಂಗಳು ಬಿಟ್ಟು ಬಾಮ್ಮ, ನಿನ್ನ ಅರಿಶಿನದ ಕಾಗದ ತಗೊಂಡು" ಎಂದು ಮಗಳಿಗೆ ಹೇಳಿದರು.

ಸ್ಕೂಟರು ಬೆಟ್ಟದ ಕಡೆ ತಿರುಗಿತು. ಹಿಂದೆ ಕುಳಿತವಳು ಮೊಟ್ಟೆಗಳನ್ನು ಜೋಪಾನವಾಗಿ ಮಡಿಲಲ್ಲಿಟ್ಟುಕೊಂಡು, "ಇದರಲ್ಲಿ ಎಂಟೇ ಗ್ರಾಂ ಇದೆ ಅಪ್ಪಾ, ಹದಿನಾರು ಅಲ್ಲೇ ಬಿಟ್ಟು ಬಂದಿದ್ದೇವೆ" ಎಂದಳು.