ಜಗಲಿಯ ಮೇಲೆ ಹನ್ನೊಂದು ಗಂಟೆ

ಕಲಬುರ್ಗಿಯಿಂದ ವರ್ಗವಾಗಿ ಹೈದರಾಬಾದಿಗೆ ಬಂದಾಗ ಇದು ನಮಗೆ ಪರಸ್ಥಳವೆಂದು ಅನ್ನಿಸಲೇ ಇಲ್ಲ. ನಾಂಪಲ್ಲಿ ನಿಲ್ದಾಣದಲ್ಲಿ ಇಳಿದ ಕೂಡಲೆ ಕಿವಿಗೆ ಬಿದ್ದ "ನಕ್ಕೋ", "ಕೈಕು" ಎಲ್ಲವೂ ನಮ್ಮೂರ ಸಂತೆಯ ಮಾತೇ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರ್ಗಿ, ರಾಯಚೂರುಗಳನ್ನು ಆಳಿದ್ದು ಈ ನಗರವೇ ಅಲ್ಲವೆ? ನಮ್ಮಜ್ಜನವರ ಹೊಲದ ಕಾಗದಗಳಲ್ಲಿ ಇಂದಿಗೂ ಫಸಲಿ ವರ್ಷವೇ ಇದೆ. ಹೀಗಿರುವಾಗ ಇಲ್ಲಿಯ ರೀತಿನೀತಿಯಲ್ಲಿ ಹೊಸದಾಗಿ ಕಲಿಯುವುದೇನಿದೆ ಎಂದುಕೊಂಡೆವು.

ನಾವು ಬಾಡಿಗೆಗೆ ಹಿಡಿದ ಮನೆಯ ಗಲ್ಲಿಯಲ್ಲಿ ಒಂದು ಕಲ್ಲಿನ ಚಬೂತರಾ ಇದೆ. ಚಬೂತರಾ ಎಂದರೆ ಬೇರೇನಲ್ಲ, ನಮ್ಮ ಜಗಲಿ, ನಮ್ಮ ಕಟ್ಟೆ. ರಾತ್ರಿ ಊಟವಾದ ಮೇಲೆ ನಮ್ಮ ಮಗ ಗಲ್ಲಿಯ ಹುಡುಗರೊಡನೆ ಅಲ್ಲಿ ಕೂಡತೊಡಗಿದ. ನಮಗೆ ಸಂತೋಷವೇ ಆಯಿತು. ನಮ್ಮೂರಲ್ಲಿ ಹನುಮಪ್ಪನ ಕಟ್ಟೆಗೆ ಬಾರದವನನ್ನು ಸೊಕ್ಕಿನವನೆಂದು ಎಣಿಸುತ್ತಾರೆ.

ಒಂದು ರಾತ್ರಿ ಹನ್ನೆರಡೂವರೆಗೆ ಫೋನು ಬಂತು. ಮಗ ಠಾಣೆಯಲ್ಲಿದ್ದಾನೆ, ಬಂದು ಕರೆದೊಯ್ಯಿರಿ, ಪೆಟ್ಟಿ ಕೇಸು. "ಪೆಟ್ಟು ಬಿತ್ತೇನ್ರೀ?" ಎಂದು ನಮ್ಮಾಕೆ ಗೋಡೆ ಹಿಡಿದು ಕೂತರು. ಪೆಟ್ಟಿ ಎಂದರೆ ಚಿಲ್ಲರೆ ಅಪರಾಧವೆಂದು ತಿಳಿಸಿ ಹೇಳುವಷ್ಟು ಧೈರ್ಯ ಆಗ ನಮಗೂ ಇರಲಿಲ್ಲ.

ಠಾಣೆಯ ಹೆಸರು ಬೇಡ. ಯಾರೂ ಹುಡುಗರ ಮೈಮುಟ್ಟಿರಲಿಲ್ಲ. ನಾಲ್ವರನ್ನೂ ಬೆಂಚಿನ ಮೇಲೆ ಸಾಲಾಗಿ ಕೂಡಿಸಿದ್ದರು. ಅಧಿಕಾರಿ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಉಳಿದ ಮೂವರ ಹೆಸರೇನು?" ನಮಗೆ ಒಬ್ಬನ ಹೆಸರು ಮಾತ್ರ ಗೊತ್ತಿತ್ತು. ಎಂಟು ತಿಂಗಳಿಂದ ದಿನವೂ ಕಿಟಕಿಯಲ್ಲಿ ಕಂಡ ಮುಖಗಳು! ಪಕ್ಕದಲ್ಲಿ ನಿಂತಿದ್ದ ಆಟೋ ಓಡಿಸುವ ತಂದೆ ನಮ್ಮ ಮಗನ ಹೆಸರನ್ನೂ, ಅವನ ಕಾಲೇಜನ್ನೂ ತಪ್ಪಿಲ್ಲದೆ ಹೇಳಿದರು. ಆ ನಾಚಿಕೆ ಇನ್ನೂ ಇಳಿದಿಲ್ಲ. ಕೇಸು ಬರೆಯಲಿಲ್ಲ, ಬುದ್ಧಿ ಹೇಳಿ ಬಿಟ್ಟರು.

ಗುಮಾಸ್ತರ ಚಾಳಿ ಗೊತ್ತಲ್ಲ, ನಿಯಮ ಓದದೆ ಸಮಾಧಾನವಿಲ್ಲ. ನಾವು ಓದಿದ್ದು ಬಿ.ಎಸ್‌ಸಿ. ಆದರೂ ಸುತ್ತೋಲೆಗಳನ್ನು ಅಗಿದು ಹಲ್ಲು ಗಟ್ಟಿಯಾಗಿವೆ. ಹುಡುಕಿದರೆ ಸಿಕ್ಕಿದ್ದು ಹೈದರಾಬಾದ್ ನಗರ ಪೊಲೀಸ್ ಕಾಯಿದೆ, 1348 ಫಸಲಿ! 590 ಕೂಡಿಸಿ, 1938 ಆಗುತ್ತದೆ. ನಿಜಾಮರು ಹೋದರು, ಸಂಸ್ಥಾನ ಹೋಯಿತು, ಆಂಧ್ರ ಹೋಗಿ 2014ರಲ್ಲಿ ತೆಲಂಗಾಣ ಬಂತು. ಅಜ್ಜನ ಕಾಲದ ಕಾಯಿದೆ ಮಾತ್ರ ಬೀದಿ ಕಾಯುತ್ತಿದೆ. ಆದರೆ ಚಬೂತರದ ಮೇಲೆ ಕೂಡಬಾರದೆಂಬ ಮಾತು ಅದರಲ್ಲಿ ನಮ್ಮ ಕಣ್ಣಿಗೆ ಬೀಳಲಿಲ್ಲ.

ಬರೆಯದ ನಿಯಮವನ್ನು ವಿವರಿಸಿದವರು ಆ ಆಟೋದವರೇ. 2015ರ ಸುಮಾರಿಗೆ ಹಳೇ ನಗರದಲ್ಲಿ ಪೊಲೀಸರು 'ಆಪರೇಷನ್ ಚಬೂತರಾ' ಎಂದೇ ಹೆಸರಿಟ್ಟು, ಹೊತ್ತಲ್ಲದ ಹೊತ್ತಿನಲ್ಲಿ ಬೀದಿಯಲ್ಲಿ ಕೂತ ಹುಡುಗರನ್ನು ಕರೆದೊಯ್ದು, ತಂದೆತಾಯಿಯರ ಎದುರಿಗೆ ತಿಳಿಹೇಳಿ ಕಳಿಸುತ್ತಿದ್ದರು. ಮೋಟಾರು ಸೈಕಲ್ಲಿನ ಹುಚ್ಚಾಟ ತಪ್ಪಿತೆಂದು ಮೆಚ್ಚಿದವರುಂಟು. ಬಡವರ ಗಲ್ಲಿಗೇ ಏಕೆ ಈ ಪಾಠ ಎಂದವರೂ ಉಂಟು. ರಾತ್ರಿ ಗಾಡಿ ಹಾರಿಸುವವರ ಮೇಲೆ ನಮಗೇನೂ ಕನಿಕರವಿಲ್ಲ. ಆದರೆ ಎರಡು ಕೋಣೆಯಲ್ಲಿ ಏಳು ಜನರಿರುವ ಮನೆಯ ಹುಡುಗ ಎಲ್ಲಿ ಕೂಡಬೇಕು? ಇರಾನಿ ಹೋಟೆಲಿನಲ್ಲಿ ಒಂದು ಚಹಾ ಹೇಳಿ ತಾಸುಗಟ್ಟಲೆ ಕೂಡಬಹುದು. ಕಾಸಿಲ್ಲದೆ ಕಲ್ಲಿನ ಮೇಲೆ ಕೂತರೆ ಸಂಶಯ. ರಂಜಾನ್ ಬಂದರೆ ಲೆಕ್ಕವೇ ಬೇರೆ. 2025ರಲ್ಲಿಯೂ ಸರ್ಕಾರವೇ ಆ ತಿಂಗಳು ಅಂಗಡಿಗಳನ್ನು ರಾತ್ರಿಯೆಲ್ಲ ತೆರೆಯಲು ಬಿಟ್ಟಿತು. ಚಾರ್ಮಿನಾರಿನ ಸುತ್ತ ಮೂರು ಗಂಟೆಗೂ ಜಾತ್ರೆಯೇ.

ಈಗ ಹುಡುಗರು ನಮ್ಮ ಮಾಳಿಗೆಯ ಮೇಲೆ ಕೂಡುತ್ತಾರೆ. ನಾಲ್ವರ ಹೆಸರೂ ನಮಗೆ ಬಾಯಿಪಾಠ. ಗಡಿಯಾರ ಹನ್ನೊಂದಕ್ಕೆ ಬಂದರೆ ಯಾರೂ ಹೇಳದೆಯೇ ಏಳುತ್ತಾರೆ.

ಕಳೆದ ದಸರೆಗೆ ಊರಿಗೆ ಹೋಗಿದ್ದೆವು. ಮಗ ಹನುಮಪ್ಪನ ಕಟ್ಟೆಯ ಮೇಲೆ ದೊಡ್ಡವರ ಹರಟೆ ಕೇಳುತ್ತ ಕೂತಿದ್ದವನು, ಹನ್ನೊಂದಾಗುತ್ತಲೇ ಎದ್ದು ಬಂದುಬಿಟ್ಟ. ಬಾಗಿಲಲ್ಲಿ ನಮ್ಮ ತಾಯಿ ಕೇಳಿದರು, "ಇಷ್ಟ್ ಲಗೂನ ಯಾಕ ಬಂದಿ? ಯಾರರ ಏನರ ಅಂದ್ರೇನು?"

ಅವನು ನಮ್ಮ ಮುಖ ನೋಡಿದ.