ಘಾಟ್ಕೋಪರಿನಲ್ಲಿ ಓದಿದ ಸಾಮ್ಯಗಳು

ವಿಭಾಗದ ಸಂಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ನನ್ನ ಸಂಶೋಧನೆಯ ವಿಷಯವಾದ ಮಿಶನರಿ ಗದ್ಯವನ್ನು ಕುರಿತು ಒಂದು ಪ್ರಬಂಧವನ್ನು ಕೊಡುವುದಾಗಿ ಒಪ್ಪಿಕೊಂಡಿದ್ದೆ. ಹಳೆಯ ಟಿಪ್ಪಣಿಗಳನ್ನು ಹರಡಿಕೊಂಡು ಕುಳಿತದ್ದೂ ಆಯಿತು. ಆದರೆ ಆ ಹಾಳೆಗಳಲ್ಲಿ ಕೆಲವಕ್ಕೆ ನೀರಿನ ಕಲೆಗಳಿವೆ. ಅವನ್ನು ನೋಡಿದೊಡನೆ ಪ್ರಬಂಧದ ದಿಕ್ಕು ತಪ್ಪಿತು. ಶಾಸ್ತ್ರೀಯವಾದುದನ್ನು ನಿರೀಕ್ಷಿಸಿದ ಓದುಗರು ಕ್ಷಮಿಸಬೇಕು. ನಾನು ಹುಟ್ಟಿನಿಂದ ಕ್ರೈಸ್ತನಲ್ಲ, ದೀಕ್ಷೆಯಿಂದಲೂ ಅಲ್ಲ. ಸತ್ಯವೇದದ ಕನ್ನಡವನ್ನು ಗದ್ಯದ ಮಾದರಿಯೆಂದು ಓದಲು ತೊಡಗಿದವನು. ಅದನ್ನು ಬೇರೆ ರೀತಿಯಲ್ಲಿಯೂ ಓದಬಹುದೆಂದು ತಿಳಿದದ್ದು ಘಾಟ್ಕೋಪರಿನ ಪಂತ್ ನಗರದಲ್ಲಿ, ನಮ್ಮ ಕಟ್ಟಡದ ಎದುರು ಮನೆಯಲ್ಲಿ.

ಆ ಮನೆಯಲ್ಲಿದ್ದ ಹಿರಿಯರನ್ನು ಇಡೀ ಕಟ್ಟಡವೇ ‘ಸಿಸ್ಟರ್’ ಎಂದು ಕರೆಯುತ್ತಿತ್ತು. ಗುಜರಾತಿ ನೆರೆಹೊರೆಯವರಲ್ಲಿ ಅನೇಕರು ಅವರನ್ನು ಸನ್ಯಾಸಿನಿಯೆಂದೇ ತಿಳಿದಿದ್ದರು. ಅವರು ನರ್ಸ್ ಆಗಿದ್ದವರು. ಮಂಗಳೂರಿನ ಬಾಸೆಲ್ ಮಿಶನ್ ಸಭೆಗೆ ಸೇರಿದ ಮನೆತನ. ಅಜ್ಜ ಜೆಪ್ಪಿನ ಹಂಚಿನ ಕಾರ್ಖಾನೆಯಲ್ಲಿ ಅಚ್ಚು ಒತ್ತುತ್ತಿದ್ದವರು. ಅರುವತ್ತರ ದಶಕದ ಆರಂಭದಲ್ಲಿ ಮುಂಬಯಿಗೆ ಬಂದು, ಮೂರು ದಶಕಗಳ ಕಾಲ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದು ನಿವೃತ್ತರಾಗಿದ್ದರು. ಮನೆಮಾತು ತುಳು, ಪ್ರಾರ್ಥನೆಯ ಮಾತು ಕನ್ನಡ. ಬಾಸೆಲ್ ಮಿಶನಿನ ಮನೆಗಳಲ್ಲಿ ಇದು ಅಪರೂಪವಲ್ಲ. ಅವರ ಸತ್ಯವೇದಕ್ಕೆ ಕಂದು ಕಾಗದದ ಹೊದಿಕೆ, ಅದರ ಒಳಗೆ ಪಡಿತರ ಚೀಟಿ.

ನಮ್ಮ ಪರಿಚಯ ಆರಂಭವಾದದ್ದೇ ನನ್ನ ಸ್ವಾರ್ಥದಿಂದ. ಪಿಎಚ್.ಡಿ.ಗಾಗಿ ನಾನು ಬಳ್ಳಾರಿಯ ಜಾನ್ ಹ್ಯಾಂಡ್ಸ್‌ನಿಂದ ತೊಡಗಿ ಮೋಗ್ಲಿಂಗ್, ಕಿಟೆಲರವರೆಗಿನ ಗದ್ಯಪದ್ಯಗಳನ್ನು ಓದುತ್ತಿದ್ದ ಕಾಲ. ಯೇಸು ಹೇಳಿದ ಕಥೆಗಳನ್ನು ಕನ್ನಡಕ್ಕೆ ತರುವಾಗ ಅನುವಾದಕರು ಯಾವ ಪದಗಳನ್ನು ಆರಿಸಿಕೊಂಡರೆಂಬುದು ಒಂದು ಅಧ್ಯಾಯದ ವಸ್ತು. ಹಳೆಯ ಸತ್ಯವೇದದಲ್ಲಿ ಆ ಕಥೆಗಳಿಗೆ ‘ಸಾಮ್ಯ’ ಎಂಬ ಹೆಸರು. ಈಚಿನ ಅನುವಾದದಲ್ಲಿ ‘ಸಾಮತಿ’. ಇಲ್ಲಿನ ಮರಾಠಿಯವರು ‘ದೃಷ್ಟಾಂತ’ ಎನ್ನುತ್ತಾರೆ. ಮಹಾನುಭಾವ ಪಂಥದ ಚಕ್ರಧರಸ್ವಾಮಿಗಳು ಹೇಳಿದ ಕಥೆಗಳನ್ನು ಹದಿಮೂರನೆಯ ಶತಮಾನದಲ್ಲಿ ‘ದೃಷ್ಟಾಂತಪಾಠ’ವಾಗಿ ಕೂಡಿಸಿದವನ ಹೆಸರು ಕೇಶಿರಾಜ. ಅದೇ ಶತಮಾನದ ನಮ್ಮ ವೈಯಾಕರಣ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಕಿಟೆಲರು ಮಂಗಳೂರಿನಿಂದ 1872ರಲ್ಲಿ ಹೊರತಂದರು. ಇಂತಹ ಕಾಕತಾಳೀಯಗಳು ಸಂಶೋಧಕರನ್ನು ಎಷ್ಟು ಸಂತೋಷಪಡಿಸುತ್ತವೆಯೆಂದರೆ, ಮುಖ್ಯವಾದುದು ಮರೆತೇಹೋಗುತ್ತದೆ.

ಸಿಸ್ಟರ್ ಅವರಿಗೆ ಈ ಪದಚರ್ಚೆ ಬೇಸರ ತರುತ್ತಿರಲಿಲ್ಲ. ಆದರೆ ಅವರ ಉತ್ತರಗಳು ಬೇರೆ ಕಡೆಯಿಂದ ಬರುತ್ತಿದ್ದವು. ಪರಲೋಕರಾಜ್ಯವನ್ನು ಹೋಲಿಸಿದ ಆ ‘ಹುಳಿಹಿಟ್ಟು’ ಎಂಬ ಪದದ ಔಚಿತ್ಯವನ್ನು ಒಮ್ಮೆ ಕೇಳಿದೆ. ಅವರು ಅಡಿಗೆಮನೆಗೆ ಕರೆದುಕೊಂಡು ಹೋಗಿ ಇಡ್ಲಿಯ ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದರು. ಜನವರಿಯ ಚಳಿಗೆ ಹಿಟ್ಟು ಉಬ್ಬಿರಲಿಲ್ಲ. “ರಾತ್ರಿ ಹತ್ತು ಸಲ ತೆಗೆದು ನೋಡಿದರೆ ಇದು ಉಬ್ಬುವುದಿಲ್ಲ ಮಾರಾಯರೇ. ಮುಚ್ಚಿಟ್ಟು ಮಲಗಬೇಕು. ನನಗೆ ಮಲಗಲಿಕ್ಕೆ ಆಗುವುದಿಲ್ಲ, ಅದೇ ನನ್ನ ಅವಿಶ್ವಾಸ” ಎಂದು ನಕ್ಕರು. ಅನುವಾದಕನು ಪಾಲೆಸ್ತೀನಿನ ರೊಟ್ಟಿಯನ್ನು ಕನ್ನಡದ ಅಡಿಗೆಮನೆಗೆ ತಂದಿರುವನೆಂದು ನಾನು ಬರೆದುಕೊಂಡೆ. ಅವರ ಎರಡನೆಯ ಮಾತನ್ನು ಬರೆದುಕೊಳ್ಳಲಿಲ್ಲ.

ಸಾಸಿವೆ ಕಾಳಿನ ಸಾಮ್ಯದ ಪ್ರಸ್ತಾಪ ಬಂದಾಗ ನಾನು ಬುದ್ಧ ಮತ್ತು ಕಿಸಾಗೋತಮಿಯ ಕಥೆಯನ್ನು ಹೇಳಿದೆ. ಸಾವಿಲ್ಲದ ಮನೆಯ ಸಾಸಿವೆಯ ಕಥೆ. ಅವರು ಅದನ್ನು ಕೇಳಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ಆ ತಾಯಿ ಮಗುವನ್ನು ಎತ್ತಿಕೊಂಡೇ ಮನೆಮನೆಗೆ ಹೋದಳೇ ಎಂದು ಕೇಳಿದರು. ಹೌದೆಂದೆ. “ಹಾಗಾದರೆ ಮೊದಲ ಮನೆಯವರಾದರೂ ಅವಳನ್ನು ಕೂರಿಸಬೇಕಿತ್ತು” ಎಂದರು.

‘ಶಿಷ್ಯ’ ಎಂಬ ಪದವನ್ನು ಮಾತ್ರ ಅವರು ಒಪ್ಪುತ್ತಿರಲಿಲ್ಲ. ಮೂಲ ಗ್ರೀಕ್ ಪದಕ್ಕೆ ಕಲಿಯುವವನೆಂಬ ಅರ್ಥವಿದೆಯೆಂದು ನಾನು ವಿವರಿಸಿದೆ. ಕಲಿಯುವುದು ಎರಡು ಬಗೆಯೆಂದರು. ತರಬೇತಿಯ ಮೊದಲ ವರ್ಷದಲ್ಲಿ ಹಗಲು ಪಾಠ, ರಾತ್ರಿ ವಾರ್ಡು. ಹಿರಿಯ ನರ್ಸ್ ಕೈದೀಪ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆಯುವಾಗ, ಇವರು ತಟ್ಟೆಯನ್ನು ಹಿಡಿದು ಎರಡು ಹೆಜ್ಜೆ ಹಿಂದೆ ನಡೆಯಬೇಕು. ಆಕೆ ಏನನ್ನೂ ಹೇಳಿಕೊಡುತ್ತಿರಲಿಲ್ಲವಂತೆ. ಯಾವ ರೋಗಿಯ ಬಳಿ ನಿಲ್ಲುತ್ತಾಳೆ, ಯಾರ ದಿಂಬನ್ನು ಸರಿಪಡಿಸುತ್ತಾಳೆ, ಎಲ್ಲಿ ದೀಪವನ್ನು ಕೈಯಿಂದ ಮರೆಮಾಡುತ್ತಾಳೆ ಎಂಬುದನ್ನು ಬೆನ್ನ ಹಿಂದಿನಿಂದ ನೋಡಬೇಕು. ಆರು ತಿಂಗಳಾದ ಮೇಲೆ ಒಂದು ರಾತ್ರಿ ಆಕೆ ದೀಪವನ್ನು ಇವರ ಕೈಗೆ ಕೊಟ್ಟು ಹೋದಳು. ಪಾಠ ಹೇಳಿಸಿಕೊಂಡವನಿಗೂ ಹಿಂದೆ ನಡೆದವನಿಗೂ ಒಂದೇ ಪದವಾದರೆ ಹೇಗೆ ಎಂಬುದು ಅವರ ಆಕ್ಷೇಪ. ಇಷ್ಟು ವರ್ಷ ಪಾಠ ಹೇಳಿದ ನನಗೆ ಅದಕ್ಕೆ ಈಗಲೂ ಉತ್ತರ ಹೊಳೆದಿಲ್ಲ.

ಹಂಚಿನ ವಿಷಯವನ್ನೂ ಇಲ್ಲಿ ಹೇಳಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರಿಗೆ ಬಹುಬೇಗ ಎದುರಾದದ್ದು ದೇವತಾಶಾಸ್ತ್ರದ ಸಮಸ್ಯೆಯಲ್ಲ, ಅನ್ನದ ಸಮಸ್ಯೆ. ಮತಾಂತರ ಹೊಂದಿದವನು ಜಾತಿಯಿಂದ ಹೊರಗಾದೊಡನೆ ಕುಲಕಸುಬಿನಿಂದಲೂ ಗೇಣಿಯ ಭೂಮಿಯಿಂದಲೂ ಹೊರಗಾಗುತ್ತಿದ್ದ. ಅವನಿಗೆ ಪ್ರಾರ್ಥನೆಯನ್ನು ಕಲಿಸಿದರೆ ಸಾಲದು, ಕೆಲಸವನ್ನೂ ಕೊಡಬೇಕು. ನೇಯ್ಗೆ, ಮುದ್ರಣ, ಪುಸ್ತಕಕ್ಕೆ ರಟ್ಟು ಕಟ್ಟುವುದು, ಕೊನೆಗೆ 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆ, ಇವೆಲ್ಲ ಹೀಗೆ ಬಂದವು. ಮೋಗ್ಲಿಂಗರು 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ತಂದದ್ದನ್ನೂ, ಕಿಟೆಲರು ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯಕ್ಕೆ ಅಳವಡಿಸಿದ ‘ಕಥಾಮಾಲೆ’ಯನ್ನೂ (1862), 1894ರ ನಿಘಂಟನ್ನೂ ನಾವು ವರ್ಷಕ್ಕೊಮ್ಮೆ ಸ್ಮರಿಸುತ್ತೇವೆ. ಹಂಚು ಒತ್ತಿದವರನ್ನು ಸ್ಮರಿಸುವ ಪದ್ಧತಿ ನಮ್ಮಲ್ಲಿಲ್ಲ. ಮುಂಬಯಿಯ ಹಳೆಯ ಚಾಳುಗಳ ಮಾಡುಗಳಲ್ಲಿ ಇಂದಿಗೂ ಅಲ್ಲಲ್ಲಿ ಕಾಣುವ ಕೆಂಪು ಹಂಚನ್ನು ಮರಾಠಿಯವರು ‘ಮಂಗಲೋರಿ ಕೌಲ’ ಎನ್ನುತ್ತಾರೆ. ಆ ಮಾತನ್ನು ಕೇಳಿದಾಗಲೆಲ್ಲ ಸಿಸ್ಟರ್ ಅವರ ಮುಖ ಅರಳುತ್ತಿತ್ತು. ಒಂದು ಹಂಚಿನ ಅಂಚು ಇನ್ನೊಂದರ ತೋಡಿನಲ್ಲಿ ಕೂರದಿದ್ದರೆ ಎರಡೂ ಸೋರುತ್ತವೆ, ಸಭೆಯೆಂದರೆ ಅಷ್ಟೇ ಎಂದು ಅಜ್ಜ ಹೇಳುತ್ತಿದ್ದರಂತೆ. ಮುಂದುವರಿದು, “ಅಜ್ಜ ಹೇಳುವುದನ್ನು ಹೇಳಿದರು, ಆದರೆ ತಮ್ಮನ ಜೊತೆ ಸಾಯುವವರೆಗೆ ಮಾತಾಡಲಿಲ್ಲ” ಎಂದೂ ಸೇರಿಸುತ್ತಿದ್ದರು.

ಇಷ್ಟರಲ್ಲಿ 2005ರ ಜುಲೈ 26 ಬಂದಿತು. ಆ ದಿನವನ್ನು ಮುಂಬಯಿಯವರಿಗೆ ವಿವರಿಸಬೇಕಾಗಿಲ್ಲ. ಹೊರಗಿನವರಿಗಾಗಿ ಎರಡು ಅಂಕಿಗಳು ಸಾಕು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕೊಲಾಬಾದಲ್ಲಿ ಸುರಿದ ಮಳೆ ಸುಮಾರು 73 ಮಿಲಿಮೀಟರ್, ಸಾಂತಾಕ್ರೂಜಿನಲ್ಲಿ 944. ನಾನು ಫೋರ್ಟಿನಲ್ಲಿ, ರಾಜಾಬಾಯಿ ಗೋಪುರದ ಗ್ರಂಥಾಲಯದಲ್ಲಿದ್ದೆ. ಅಲ್ಲಿ ಸಾಧಾರಣ ಮಳೆ. ಆ ವಾರ ಬರೆಯುತ್ತಿದ್ದದ್ದು ಸಮಾರ್ಯದವನ ಸಾಮ್ಯದ ಅನುವಾದಗಳನ್ನು ಕುರಿತು. ದರೋಡೆಗೊಳಗಾಗಿ ದಾರಿಯಲ್ಲಿ ಬಿದ್ದವನನ್ನು ಯಾಜಕನೊಬ್ಬ, ಲೇವಿಯನೊಬ್ಬ ಕಂಡೂ ದಾಟಿಹೋಗುತ್ತಾರೆ. ಹೊರಗಿನವನೆನಿಸಿದ ಸಮಾರ್ಯದವನು ನಿಲ್ಲುತ್ತಾನೆ. ನನ್ನ ನೆರೆಯವನು ಯಾರೆಂಬ ಪ್ರಶ್ನೆಗೆ ಯೇಸು ಕೊಟ್ಟ ಉತ್ತರವಿದು. ನೆರೆಯೆಂದರೆ ಪಕ್ಕ, ಸಾಮೀಪ್ಯ. ನೆರೆಯೆಂದರೆ ಪ್ರವಾಹವೂ ಹೌದು. ಈ ಶ್ಲೇಷದ ಮೇಲೆ ಒಂದು ಅಡಿಟಿಪ್ಪಣಿಯನ್ನು ಆ ಮಧ್ಯಾಹ್ನವೇ ಬರೆದು, ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು, ಮೂರು ಗಂಟೆಯ ಹೊತ್ತಿಗೆ ಸಿ.ಎಸ್.ಟಿ.ಯಲ್ಲಿ ಲೋಕಲ್ ಹತ್ತಿದೆ.

ಗಾಡಿ ಸಯನಿನ ಬಳಿ ನಿಂತಿತು. ಮತ್ತೆ ಹೊರಡಲಿಲ್ಲ. ನಾಲ್ಕು ಗಂಟೆ ಕಾದು, ಕತ್ತಲಾದ ಮೇಲೆ ಎಲ್ಲರೊಡನೆ ನಾನೂ ಇಳಿದೆ. ಸೊಂಟದವರೆಗೆ, ಕೆಲವೆಡೆ ಎದೆಯವರೆಗೆ ನೀರು, ದೀಪಗಳಿಲ್ಲ. ಕೈಕೈ ಹಿಡಿದು ಸಾಲಾಗಿ ನಡೆದೆವು. ನನ್ನ ಟಿಪ್ಪಣಿಗಳು ಪ್ಲಾಸ್ಟಿಕ್ ಚೀಲದಲ್ಲಿ, ಚೀಲ ತಲೆಯ ಮೇಲೆ. ಕುರ್ಲಾ ದಾಟಿ, ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗದಲ್ಲಿ ನೀರು ಮೊಣಕಾಲಿಗೆ ಇಳಿದಿದ್ದ ಒಂದು ಕಡೆ, ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ವಯಸ್ಸಾದವರೊಬ್ಬರು ಕುಳಿತಿದ್ದರು. ಒಂದು ಕಾಲನ್ನು ನೀಡಿಕೊಂಡಿದ್ದರು. ನನ್ನನ್ನು ನೋಡಿ ಕೈಯೆತ್ತಿ, ಸ್ವಲ್ಪ ದೂರ ಆಸರೆ ಕೊಡುವಿರಾ ಎಂದು ಹಿಂದಿಯಲ್ಲಿ ಕೇಳಿದರು. ಅವರನ್ನು ಹಿಡಿಯಬೇಕಾದರೆ ಚೀಲವನ್ನು ಇಳಿಸಬೇಕಿತ್ತು. “ಹಿಂದೆ ಜನ ಬರುತ್ತಿದ್ದಾರೆ” ಎಂದೆ. ನನ್ನ ಹಿಂದೆ ಯಾರಾದರೂ ಇದ್ದರೋ ಎಂದು ನಾನು ತಿರುಗಿ ನೋಡಿರಲಿಲ್ಲ.

ಮನೆ ತಲುಪಿದಾಗ ರಾತ್ರಿ ಎರಡು ಗಂಟೆ ಮೀರಿತ್ತು. ಸಿಸ್ಟರ್ ಅವರ ಬಾಗಿಲು ತೆರೆದಿತ್ತು. ಒಂದೇ ಕೋಣೆಯ ಆ ಮನೆಯಲ್ಲಿ ಮೇಣದ ಬತ್ತಿಯ ಬೆಳಕಿನಲ್ಲಿ ಹನ್ನೊಂದು ಮಂದಿ ಅಪರಿಚಿತರು ಕುಳಿತಿದ್ದರು, ಕೆಲವರು ಇವರ ಸೀರೆಗಳನ್ನು ಹೊದ್ದು. ಇವರು ಸಂಜೆಯಿಂದ ಗೇಟಿನ ಬಳಿ ಲಾಟೀನು ಹಿಡಿದು ನಿಂತು, ನಡೆದು ಹೋಗುತ್ತಿದ್ದವರನ್ನು ಒಳಗೆ ಕರೆದಿದ್ದರಂತೆ. ನನ್ನನ್ನು ನೋಡಿ, “ಬಂದಿರಾ, ಒಳ್ಳೆಯದಾಯಿತು. ಲೋಟ ಕಡಿಮೆಯಾಗಿದೆ, ನಿಮ್ಮ ಮನೆಯಿಂದ ನಾಲ್ಕು ತನ್ನಿ” ಎಂದರು. ತಂದುಕೊಟ್ಟೆ. ಚೀಲದೊಳಗೂ ನೀರು ಹೋಗಿತ್ತು.

ಮುಂದಿನ ದಿನಗಳಲ್ಲಿ ಪತ್ರಿಕೆಗಳು ಸತ್ತವರ ಪಟ್ಟಿಗಳನ್ನು ಪ್ರಕಟಿಸಿದವು. ನಗರದಲ್ಲಿಯೇ ನಾಲ್ಕುನೂರಕ್ಕೂ ಹೆಚ್ಚು. ಹೆಸರೇ ತಿಳಿಯದವನನ್ನು ಪಟ್ಟಿಯಲ್ಲಿ ಹುಡುಕುವುದು ಹೇಗೆ? ಆದರೂ ಓದಿದೆ. ಪ್ರಬಂಧ ಮುಗಿಯಿತು, ಪದವಿಯೂ ಬಂದಿತು. ನೆರೆಯ ಶ್ಲೇಷವನ್ನು ಪರೀಕ್ಷಕರು ಮೌಖಿಕ ಪರೀಕ್ಷೆಯಲ್ಲಿ ವಿಶೇಷವಾಗಿ ಪ್ರಶಂಸಿಸಿದರು.

ವರ್ಷಗಳು ಕಳೆದವು. ಸಿಸ್ಟರ್ ಅವರ ಕಣ್ಣು ಮಂದವಾದ ಮೇಲೆ ಸಂಜೆ ಅವರಿಗೆ ಸತ್ಯವೇದವನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ, 1949ರ ಕಲಬುರ್ಗಿ ಸಮ್ಮೇಳನದ ಅಧ್ಯಕ್ಷರಾದ ಉತ್ತಂಗಿ ಚೆನ್ನಪ್ಪನವರೂ ಬಾಸೆಲ್ ಮಿಶನಿನ ಪಾದ್ರಿಗಳೇ. ಪಾದ್ರಿಯೊಬ್ಬರು ಸರ್ವಜ್ಞನನ್ನು ಓದಿದ ಸಾಲವನ್ನು ನೀವು ತೀರಿಸುತ್ತಿದ್ದೀರಿ ಎಂದು ಅವರು ಹಾಸ್ಯ ಮಾಡುತ್ತಿದ್ದರು. ಮೆಟ್ರೊ ಆರಂಭವಾಗಿ ಘಾಟ್ಕೋಪರ್ ನಿಲ್ದಾಣದ ಸುತ್ತ ಜನಸಂದಣಿ ಇಮ್ಮಡಿಸಿದ 2014ರ ಮಳೆಗಾಲದಲ್ಲಿ, ಲೂಕನ ಸುವಾರ್ತೆಯನ್ನು ಓದುತ್ತ ಹತ್ತನೆಯ ಅಧ್ಯಾಯಕ್ಕೆ ಬಂದೆ. ಅರ್ಧದಲ್ಲಿ ಒಂದು ಹಾಳೆಯನ್ನು ಸುಮ್ಮನೆ ಮಗುಚಿದೆ.

“ಪುಟ ಅಂಟಿಕೊಂಡಿತಾ?” ಎಂದರು.

ಅವರಿಗೆ ಆ ಅಧ್ಯಾಯ ಬಾಯಿಪಾಠವೆಂಬುದನ್ನು ನಾನು ಮರೆತಿದ್ದೆ. ಆಗ ಹೇಳಿದೆ. ಒಂಬತ್ತು ವರ್ಷ ಯಾರಿಗೂ, ಹೆಂಡತಿಗೂ ಹೇಳದಿದ್ದುದನ್ನು ಹೇಳಿದೆ. ಕ್ಷಮೆಯ ಮಾತನ್ನೋ ಸಮಾಧಾನವನ್ನೋ ನಿರೀಕ್ಷಿಸಿದ್ದೆನೆಂದು ತೋರುತ್ತದೆ. ಅವರ ಧರ್ಮದಲ್ಲಿ ಅದಕ್ಕೆ ಏರ್ಪಾಡಿದೆಯಲ್ಲ! ಅವರು ಕೇಳಿದ್ದು, “ಯಾವ ಅಂಗಡಿ? ಜಾಗ ನೆನಪುಂಟಾ?” ಎಂದು. ಉಂಟು ಎಂದೆ. “ಹಾಗಾದರೆ ಹೋಗಿ ವಿಚಾರಿಸಿ ಬನ್ನಿ. ಅಂಗಡಿಯವರಿಗೆ ಗೊತ್ತಿದ್ದೀತು.” ಒಂಬತ್ತು ವರ್ಷಗಳಲ್ಲಿ ಈ ಸರಳ ಉಪಾಯ ನನಗೆ ಹೊಳೆದಿರಲಿಲ್ಲ. ನಾನು ನನ್ನ ಪಶ್ಚಾತ್ತಾಪವನ್ನು ಜೋಪಾನ ಮಾಡುತ್ತಿದ್ದೆ. ಅವರಿಗೆ ಚಿಂತೆ ಆ ಮನುಷ್ಯನದು.

ಆ ಭಾನುವಾರ ಹೋದೆ. ಕಟ್ಟೆ ಹಾಗೆಯೇ ಇತ್ತು. ತಗಡಿನ ವ್ಯಾಪಾರ, ಅಂಗಡಿಯವರು ನನಗಿಂತ ಹಿರಿಯರು. ಆ ರಾತ್ರಿ ತಾವು ಮೇಲಿನ ಅಟ್ಟದಲ್ಲಿಯೇ ಇದ್ದುದಾಗಿಯೂ, ಕಟ್ಟೆಯ ಮೇಲೆ ಅನೇಕರು ಬಂದು ಕುಳಿತು ಹೋದರೆಂದೂ, ಕಾಲು ನೋವಿನ ಮುದುಕರೊಬ್ಬರನ್ನು ಯಾರೋ ಹುಡುಗರು ಕೈಗಾಡಿಯಲ್ಲಿ ಕೂರಿಸಿಕೊಂಡು ಹೋದಂತೆ ನೆನಪೆಂದೂ ಹೇಳಿದರು. ಅದೇ ಮುದುಕರೋ, ಬೇರೆಯವರೋ. ನನ್ನನ್ನು ಕೂರಿಸಿ ಚಹಾ ತರಿಸಿಕೊಟ್ಟರು. ಏಕೆ ಕೇಳುತ್ತಿದ್ದೀರಿ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆ ಎಲ್ಲವನ್ನೂ ವರದಿ ಮಾಡಿದೆ. ಸಿಸ್ಟರ್ ಕೈಗಾಡಿಯ ವಿಷಯವನ್ನು ಎರಡು ಸಲ ಹೇಳಿಸಿಕೊಂಡರು. ಅನಂತರ, “ಹೆಸರು ಕೇಳಿದಿರಾ?” ಎಂದರು.

“ಆ ಮುದುಕರದ್ದೇ? ಅದು ಅವರಿಗೆ ಹೇಗೆ ಗೊತ್ತಿರಬೇಕು?”

“ಅಲ್ಲ ಮಾರಾಯರೇ, ನಿಮಗೆ ಚಹಾ ಕೊಟ್ಟರಲ್ಲ, ಅವರದ್ದು.”

ಕೇಳಿರಲಿಲ್ಲ. ಮುಂದಿನ ಭಾನುವಾರ ಮತ್ತೆ ಕುರ್ಲಾಕ್ಕೆ ಹೋದೆ.